ಅಡಗಿಕೊಳ್ಳುವ ಪುಟ

ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಸೂಪರ್‌ವೈಸರ್ ಒಂದನೇ ತರಗತಿಯ ಬಾಗಿಲನ್ನು ಅರ್ಧ ತೆರೆದು, ಒಳಗೆ ಕಾಲಿಡದೆ, "ಬಂದ್ರು. ಬೇಗ ಹೊರಡಿ ಮಾರಾಯ್ರೇ" ಎಂದರು. ಉಡುಪಿ ಕಡೆಯವರು, ಎಂಥ ಗಡಿಬಿಡಿಯಲ್ಲೂ ದನಿ ಏರಿಸದ ಹೆಂಗಸು. ಗೋಡೆ ಗಡಿಯಾರ ಅವರ ತಲೆಯ ಮೇಲೆಯೇ ಇದ್ದುದರಿಂದ ಆ ಹೊತ್ತು ನನಗೆ ಇಷ್ಟು ಸರಿಯಾಗಿ ನೆನಪಿದೆ. ಆಮೇಲಿನದು ಯಾವುದಕ್ಕೂ ಗಡಿಯಾರವಿಲ್ಲ. ಎಷ್ಟು ಸಲ ಜೋಡಿಸಿ ನೋಡಿದರೂ ಆ ಬೆಳಗು ಒಮ್ಮೆ ಉದ್ದವಾಗುತ್ತದೆ, ಒಮ್ಮೆ ಗಿಡ್ಡವಾಗುತ್ತದೆ.

ಬಂದವರು ಶಿಕ್ಷಣ ಇಲಾಖೆಯ ತಪಾಸಣೆಯವರು. ಎರಡು ಸಾವಿರದ ಇಸವಿ ದಾಟಿದ ಹೊಸತು, ಮೇ ತಿಂಗಳು. ಅಬುಧಾಬಿಯಲ್ಲಿ ಆಗ ನಮ್ಮ ಮಕ್ಕಳ ಎಷ್ಟೋ ಶಾಲೆಗಳು ವಿಲ್ಲಾಗಳಲ್ಲೇ ನಡೆಯುತ್ತಿದ್ದವು. ನಮ್ಮದೂ ಹಾಗೆಯೇ. ಮಲಗುವ ಕೋಣೆಗಳು ತರಗತಿಗಳಾಗಿದ್ದವು, ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಪ್ರಾರ್ಥನೆಯ ಹಾಲ್ ಆಗಿತ್ತು, ಅಡುಗೆಮನೆ ಸ್ಟಾಫ್ ರೂಮ್ ಆಗಿತ್ತು. ನಾವು ಕೆಲವು ಟೀಚರ್‌ಗಳು ಗಂಡಂದಿರ ವೀಸಾದ ಮೇಲೆ ಇದ್ದವರು. ಕೆಲಸ ಮಾಡಲು ಬೇಕಾದ ಲೇಬರ್ ಕಾರ್ಡ್ ನಮಗಿರಲಿಲ್ಲ. ಮಾಡಿಸಿಕೊಡುತ್ತೇವೆ ಎಂದು ಶಾಲೆಯವರು ಹೇಳುತ್ತಿದ್ದರು. ಕೇಳುವುದನ್ನು ನಾವು ಬಿಟ್ಟಿದ್ದೆವು.

ತಪಾಸಣೆ ಬಂದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಬಾಯಿಪಾಠ. ಕಾರ್ಡ್ ಇಲ್ಲದವರು ಅಡುಗೆಮನೆ ಬಾಗಿಲಿನಿಂದ ಹಿಂದಿನ ಗೇಟಿಗೆ, ಅಲ್ಲಿಂದ ಮಿನಿಬಸ್ಸಿಗೆ. ಡ್ರೈವರ್ ಬಸ್ಸನ್ನು ಎರಡು ಬೀದಿ ಆಚೆ ಒಂದು ಸೂಪರ್‌ಮಾರ್ಕೆಟ್ಟಿನ ಹಿಂದೆ ನಿಲ್ಲಿಸುತ್ತಿದ್ದ. ಶಾಲೆಗೆ ಅನುಮತಿ ಇದ್ದದ್ದಕ್ಕಿಂತ ಹೆಚ್ಚು ಮಕ್ಕಳಿದ್ದರು, ಹಾಗಾಗಿ ಶಾಲೆಯ ಕೆಲಸದವಳು, ಆಯಾ, ಹೆಚ್ಚುವರಿ ಡೆಸ್ಕುಗಳನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಎಳೆದುಹಾಕಿ ಬೀಗ ಜಡಿಯುತ್ತಿದ್ದಳು. ಹೆಚ್ಚುವರಿ ಮಕ್ಕಳನ್ನು ಎಲ್ಲ ತರಗತಿಗಳಿಂದ ಒಟ್ಟುಮಾಡಿ ಮಜ್ಲಿಸ್‌ನಲ್ಲಿ ಹಾಡಿನ ಕ್ಲಾಸ್ ಎಂದು ಕೂರಿಸುತ್ತಿದ್ದರು. ನಾವು ಇದನ್ನು ಫೈರ್ ಡ್ರಿಲ್ ಎಂದು ಕರೆದು ನಗುತ್ತಿದ್ದೆವು.

ನಾನು ಧಾರವಾಡದಲ್ಲಿ ಬಿ.ಎಡ್. ಮಾಡಿದವಳು. ಆ ತಿಂಗಳು ಶಾಲೆಯಲ್ಲಿ ಬೇರೆ ದೇಶಗಳ ಪಾಠ ನಡೆಯುತ್ತಿತ್ತು, ನನ್ನ ತರಗತಿಗೆ ಆಸ್ಟ್ರೇಲಿಯಾ ಬಂದಿತ್ತು. ನನ್ನ ಗಂಡ ರುವೈಸ್‌ನ ರಿಫೈನರಿಯಲ್ಲಿ ಕೆಲಸಕ್ಕಿದ್ದ. ಅದು ದೂರ; ವಾರದ ರಜೆ ಶುಕ್ರವಾರವಾದ್ದರಿಂದ ಗುರುವಾರ ಮನೆಗೆ ಬರುತ್ತಿದ್ದ. ಅಲ್ಲಿ ಕಂಪನಿ ಮನೆ ಖಾಲಿ ಮಾಡಿ ಊರಿಗೆ ಮರಳುತ್ತಿದ್ದ ಆಸ್ಟ್ರೇಲಿಯಾದ ಒಂದು ಕುಟುಂಬ ಮಕ್ಕಳ ಚಿತ್ರಪುಸ್ತಕಗಳ ಒಂದು ಕಾರ್ಟನ್ ಅವನ ಕೈಗೆ ಕೊಟ್ಟಿತ್ತು. ಕಾಂಗರೂ, ಕ್ರಿಕೆಟ್ಟು ಇರಬಹುದು ಎಂದುಕೊಂಡು ತೆರೆದೆ. ಅದರಲ್ಲಿ ನಾಲ್ಕು ಪುಸ್ತಕಗಳು ಆ ನೆಲದ ಮೂಲನಿವಾಸಿಗಳೇ ಬರೆದು ಚಿತ್ರ ಬಿಡಿಸಿದವು. ಎರಡು ಸಂಜೆ ಅವನ್ನೇ ಓದುತ್ತ ಕೂತೆ. ಅವರೆಲ್ಲ ಒಂದೇ ಜನ ಅಲ್ಲ, ಒಂದೊಂದು ಪುಸ್ತಕ ಒಂದೊಂದು ಸೀಮೆಯದು, ಒಂದೊಂದು ಭಾಷೆಯವರದು ಎಂಬುದೇ ನನಗೆ ಹೊಸ ವಿಷಯ.

ಮೊದಲ ಪುಸ್ತಕದಲ್ಲಿ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಗೆಡ್ಡೆ ಅಗೆಯಲು ಹೋಗುತ್ತಾಳೆ. ಎರಡನೆಯದರಲ್ಲಿ ಒಂದು ಮಹಾಸರ್ಪ ಹರಿದಾಡಿದ ದಾರಿಯೇ ನದಿಯಾಗುತ್ತದೆ. ಮೂರನೆಯದು ಮರಳಿನಲ್ಲಿ ಗುರುತುಗಳನ್ನು ಬರೆಯುತ್ತ ಕಥೆ ಹೇಳುವ ಹೆಂಗಸರದು: ಅರ್ಧ ಬಳೆಯಂಥ ಗೆರೆ ಎಂದರೆ ಕೂತ ಮನುಷ್ಯ, ಬಳೆಯೊಳಗೆ ಬಳೆ ಎಂದರೆ ನೀರಿನ ಜಾಗ. ಅವರ ಗುರುತುಗಳನ್ನು ಅಲಂಕಾರಕ್ಕೆ ನಕಲು ಮಾಡಿಸಬಾರದು, ಮಕ್ಕಳು ತಮ್ಮ ದಿನವನ್ನು ತಮ್ಮದೇ ಗುರುತುಗಳಲ್ಲಿ ಹೇಳಲಿ ಎಂದು ನಿರ್ಧರಿಸಿದೆ. ಗೇಟಿನ ಹೊರಗಿನ ಮರಳನ್ನು ಜರಡಿ ಹಿಡಿದು, ಮನೆಯಿಂದ ತಂದ ಅಗಲದ ಸ್ಟೀಲ್ ಪರಾತಗಳಲ್ಲಿ ಹರಡಿ, ನಾಲ್ಕು ಮಕ್ಕಳಿಗೆ ಒಂದರಂತೆ ಕೊಟ್ಟೆ. ಮೊದಲು ಮರಳನ್ನು ಅಂಗೈಯಿಂದ ಸವರಿ ಸಮ ಮಾಡಬೇಕು, ಆಮೇಲೆ ಒಂದೇ ಬೆರಳು. ನನ್ನ ಮಕ್ಕಳ ನೀರಿನ ಜಾಗ ಕಾರಿಡಾರಿನ ವಾಟರ್ ಕೂಲರ್ ಆಯಿತು.

ಮೂರನೇ ಸಾಲಿನ ಹುಡುಗಿಯೊಬ್ಬಳು ಪರಾತದ ಒಂದು ಮೂಲೆಯಲ್ಲಿ ಎರಡು ಅರ್ಧ ಬಳೆ, ದೂರದ ಮೂಲೆಯಲ್ಲಿ ಒಂದು ಅರ್ಧ ಬಳೆ ಬರೆದಳು. ದೂರದ್ದು ಯಾರೆಂದು ಕೇಳಿದೆ. "ಅಮ್ಮ. ಡ್ಯೂಟಿ" ಎಂದಳು. ಬಾಗಲಕೋಟೆ ಕಡೆಯವರು, ತಾಯಿ ಕ್ಲಿನಿಕ್ ಒಂದರಲ್ಲಿ ನರ್ಸ್, ತಂದೆಗೆ ಮುಸಫ್ಫಾದಲ್ಲಿ ವೆಲ್ಡಿಂಗ್ ವರ್ಕ್‌ಶಾಪ್. ಆರು ವರ್ಷದ, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮಗು. ಇಂಥ ಮಕ್ಕಳನ್ನು ಟೀಚರ್‌ಗಳು ಬಹಳ ಹೊಗಳುತ್ತೇವೆ.

ನಾಲ್ಕನೆಯ ಪುಸ್ತಕ ಬೇರೆ ತರಹದ್ದು. ಹಿಂದೆ ಅಲ್ಲಿನ ಸರ್ಕಾರ ಮೂಲನಿವಾಸಿಗಳ ಮಕ್ಕಳನ್ನು, ಅದರಲ್ಲೂ ಮೈಬಣ್ಣ ಸ್ವಲ್ಪ ತಿಳಿಯಾಗಿದ್ದವರನ್ನು, ತಾಯಂದಿರಿಂದ ಕಿತ್ತು ದೂರದ ಸಂಸ್ಥೆಗಳಿಗೆ ಒಯ್ಯುತ್ತಿತ್ತು. ಆ ಕಾಲವನ್ನು ಕಂಡ ಒಬ್ಬ ಮುದುಕಿಯ ನೆನಪು ಅದು. ಮೊದಲ ಪುಟದಲ್ಲೇ ಒಂದು ಸೂಚನೆ ಇತ್ತು: ಇದರಲ್ಲಿ ತೀರಿಕೊಂಡವರ ಹೆಸರು, ಚಿತ್ರ ಇರಬಹುದು, ನಮ್ಮವರು ಪುಟ ತಿರುಗಿಸುವ ಮೊದಲು ಯೋಚಿಸಲಿ ಎಂದು. ಮಕ್ಕಳಿಗೆ ಅದನ್ನು ಅವರ ಒಂದು ಒಳ್ಳೆಯ ಪದ್ಧತಿ ಎಂದು ಹೇಳಿ ಪುಟ ತಿರುಗಿಸಿದೆ. ಆ ಪುಸ್ತಕ ಮಾಡಿದವರು ಯಾರು ಓದುತ್ತಾರೆ, ಓದಿದರೆ ಅವರಿಗೆ ಏನಾಗುತ್ತದೆ ಎಂದು ಮೊದಲೇ ಯೋಚಿಸಿದ್ದರು. ನನ್ನೆದುರು ಕೂತು ಕೇಳುವವರು ಯಾರು ಎಂದು ನಾನು ಯೋಚಿಸಲಿಲ್ಲ.

ಓದಿದ್ದು ಮಾತ್ರ ಚೆನ್ನಾಗಿ ಓದಿದೆ. ಪುಸ್ತಕವನ್ನು ಎಡಗೈಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಹಿಡಿದು, ಮೊದಲು ಚಿತ್ರ ನೋಡಲು ಬಿಟ್ಟು, ಆಮೇಲೆ ಮಾತು. ತಾಯಿ ಮಗಳ ಮೈಗೆ ಇದ್ದಿಲು ಸವರಿ ಬಣ್ಣ ಕಪ್ಪಾಗಿಸುತ್ತಾಳೆ. ಟೊಳ್ಳಾದ ಒಂದು ಮರದ ದಿಮ್ಮಿಯೊಳಗೆ ಅವಳನ್ನು ತೂರಿಸುತ್ತಾಳೆ. ತುಟಿಯ ಮೇಲೆ ಬೆರಳಿಡುತ್ತಾಳೆ. ದೂರದಲ್ಲಿ ಕಾರಿನ ಸದ್ದು. ನಾನೂ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾದೆ. ತರಗತಿಯಲ್ಲಿ ಎ.ಸಿ.ಯ ಗುರುಗುರು ಒಂದೇ ಕೇಳುತ್ತಿತ್ತು.

ಮೂರನೇ ಸಾಲಿನ ಹುಡುಗಿ ಕೈ ಎತ್ತಿದಳು. "ಮಿಸ್, ದೇ ಡಿಡಂಟ್ ಹ್ಯಾವ್ ವೀಸಾ?"

"ಅದು ಅವರದೇ ಊರು" ಎಂದೆ. "ಅವರಿಗೆ ವೀಸಾ ಯಾಕೆ?"

"ದೆನ್ ವೈ?"

ಉತ್ತರ ಹೇಳಬೇಕಾದ ಜಾಗ ಅದು. ನಾನು ಹೇಳಲಿಲ್ಲ. ಪಾಠವನ್ನು ಮಕ್ಕಳ ಬದುಕಿಗೆ ಹತ್ತಿರ ತರಬೇಕು ಎಂದು ತರಬೇತಿಯಲ್ಲಿ ಕಲಿತಿದ್ದೆ. ಹಾಗಾಗಿ ನಮ್ಮ ಶಾಲೆಯಲ್ಲಿ ಮರದ ದಿಮ್ಮಿ ಇಲ್ಲವಲ್ಲ, ಇಲ್ಲಿ ನೀವಾದರೆ ಎಲ್ಲಿ ಅಡಗುತ್ತೀರಿ ಎಂದು ಕೇಳಿದೆ. ಟೇಬಲ್ ಕೆಳಗೆ, ಬಾತ್‌ರೂಮಿನಲ್ಲಿ ಎಂದು ಕೂಗಿದರು. ಅವಳು ಕೂಗಲಿಲ್ಲ, ಯೋಚಿಸಿ ಹೇಳಿದಳು: "ಆಟದ ಮ್ಯಾಟ್. ರೋಲ್ ಮಾಡಿ ಇಟ್ಟಿರ್ತಾರಲ್ಲ ಶೆಡ್ಡಲ್ಲಿ. ಅದು ಲಾಗ್ ಥರಾನೇ ಇದೆ."

"ವೆರಿ ಗುಡ್" ಎಂದೆ.

ಅಷ್ಟರಲ್ಲಿ ಬೆಲ್ ಆಯಿತು. ಕುತೂಹಲ ಇರುವ ಜಾಗದಲ್ಲಿ ಪುಸ್ತಕ ಮುಚ್ಚಿದರೆ ಮಾರನೆಯ ದಿನ ಮಕ್ಕಳು ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ಇದೂ ಕಲಿತ ವಿದ್ಯೆಯೇ. ಕಾರಿನ ಸದ್ದು ಕೇಳಿಸಿದ ಪುಟದಲ್ಲಿ ಪುಸ್ತಕ ಮುಚ್ಚಿ, ಉಳಿದದ್ದು ನಾಳೆ ಎಂದೆ.

ಸಂಜೆ ಗಂಡನಿಗೆ ಫೋನಿನಲ್ಲಿ ಹೆಮ್ಮೆಯಿಂದಲೇ ಹೇಳಿದೆ. "ಇವತ್ತ ಒಂದ ಕೂಸೂ ಮಿಸುಕಾಡಲಿಲ್ಲ ನೋಡು."

"ಅಷ್ಟ ಸಣ್ಣ ಹುಡುಗರಿಗೆ ಅದನ್ಯಾಕ ಓದಿದಿ?" ಎಂದ. "ಅಂಜತಾವ."

"ಖರೇ ನಡದದ್ದು ಗೊತ್ತಾಗಬ್ಯಾಡೇನು?"

"ಗೊತ್ತಾಗಲಿ. ನಾ ಏನು ಮಾಸ್ತರನ?" ಎಂದು ನಕ್ಕು ಬೇರೆ ಮಾತಿಗೆ ಹೋದ.

ಮಾರನೆಯ ದಿನ ಸೂಪರ್‌ವೈಸರ್ ಬಾಗಿಲಲ್ಲಿ ನಿಂತಾಗ ನಾನು ಆ ಪುಸ್ತಕವನ್ನು ಬ್ಯಾಗಿನಿಂದ ತೆಗೆಯುವುದರಲ್ಲಿದ್ದೆ. ತೆಗೆಯಲಿಲ್ಲ. ಹೊರಡುವ ಮೊದಲು ಪ್ರತಿ ಸಲ ಹೇಳುವುದನ್ನೇ ಹೇಳಿದೆ: "ಯಾರಾದರೂ ಕೇಳಿದರೆ ಮಿಸ್ ಇವತ್ತು ಬಂದಿಲ್ಲ ಅನ್ನಿ." ಆ ಮಾತನ್ನು ಎಷ್ಟು ಸಹಜವಾಗಿ ಹೇಳುತ್ತಿದ್ದೆ ಎಂಬುದು ಈಗ ನೆನೆದರೆ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ. ಕಿಟಕಿಯಾಚೆ, ಮುಂದಿನ ಗೇಟಿನ ಹತ್ತಿರ, ದೊಡ್ಡ ಬಿಳಿ ಕಾರು ನಿಂತದ್ದು ಎಲ್ಲ ಮಕ್ಕಳಿಗೂ ಕಾಣುತ್ತಿತ್ತು.

ಮೂರನೇ ಸಾಲಿನ ಹುಡುಗಿ ಎದ್ದು ನಿಂತಳು. "ಮಿಸ್, ಆರ್ ದೇ ಕಮಿಂಗ್ ಟು ಟೇಕ್?"

ಅವಳು ಏನು ಕೇಳುತ್ತಿದ್ದಾಳೆಂದು ನನಗೆ ಪೂರ್ತಿ ಅರ್ಥವಾಗಿತ್ತು. ಇದನ್ನು ನಾನು ಯಾರಿಗೂ ಬೇರೆ ರೀತಿ ಹೇಳಿಲ್ಲ. ಉತ್ತರ ಕೊಡಬೇಕಾದರೆ ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂರಬೇಕಿತ್ತು, ಆಯಾ ಆಗಲೇ ಕಾರಿಡಾರಿನಲ್ಲಿ ಡೆಸ್ಕು ಎಳೆಯುತ್ತಿದ್ದಳು. ತುಟಿಯ ಮೇಲೆ ಬೆರಳಿಟ್ಟೆ. ಹೊರಟುಹೋದೆ.

ಬಸ್ಸಿನಲ್ಲಿ ಎ.ಸಿ. ಇತ್ತು. ಸೂಪರ್‌ಮಾರ್ಕೆಟ್ಟಿನ ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ, ಪಕ್ಕದಲ್ಲಿ ನಮ್ಮ ಬಸ್ಸು. "ಫೈರ್ ಡ್ರಿಲ್ ಅಂತ ಹೇಳಿ ಒಂದು ಜ್ಯೂಸಾದ್ರೂ ಕೊಡಬಾರದಾ ಇವ್ರು" ಎಂದು ಮೂರನೇ ತರಗತಿಯ ಟೀಚರ್ ಹೇಳಿ ಎಲ್ಲರನ್ನೂ ನಗಿಸಿದಳು. ಮೈಸೂರಿನವಳು. ನಾನೂ ನಕ್ಕೆ. ಒಬ್ಬರು ಹೋಂವರ್ಕ್ ತಿದ್ದುತ್ತಿದ್ದರು.

ಆಮೇಲೆ ಮೈಸೂರಿನವಳ ಮೊಬೈಲ್ ರಿಂಗಾಯಿತು. ಸೂಪರ್‌ವೈಸರ್. ಫೋನ್ ನನ್ನ ಕೈಗೆ ಬಂತು.

"ನಿಮ್ಮ ಕ್ಲಾಸಿನದ್ದು ಒಂದು ಹುಡುಗಿ ಕಾಣುದಿಲ್ಲ. ಇವತ್ತು ಬಂದಿಲ್ವಾ ಅದು?" ಎಂದು ಹೆಸರು ಹೇಳಿದರು.

"ಬಂದಿದ್ದಾಳೆ. ನಾನು ನೋಡಿದೆ."

"ಹಾಗಾದ್ರೆ ಮಜ್ಲಿಸ್‌ನಲ್ಲಿ ಎಲ್ಲಿಯಾದ್ರೂ ಕೂತಿರಬೇಕು. ಲೆಕ್ಕ ಎಲ್ಲ ಮಿಕ್ಸ್ ಆಗಿದೆ ಇವತ್ತು."

ನನಗೆ ತಕ್ಷಣ ಗೊತ್ತಾಯಿತು. ಊಹೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಊಹೆ ಆಗಿರಲಿಲ್ಲ. "ಮೇಡಂ, ಶೆಡ್ ನೋಡಿಸಿ. ಮ್ಯಾಟ್ ಒಳಗೆ" ಎಂದೆ.

ಸೂಪರ್‌ವೈಸರ್ ದನಿಯನ್ನು ಇನ್ನೂ ಇಳಿಸಿದರು. "ಶೆಡ್ಡಿಗೆ ಬೀಗ ಹಾಕಿ ಆಯ್ತಲ್ಲ. ಅವರು ಅದರ ಎದುರೇ ಕುರ್ಚಿ ಹಾಕಿ ಕೂತಿದ್ದಾರೆ, ಚಾ ಕೊಟ್ಟಿದ್ದೇವೆ. ಈಗ ತೆಗೆದ್ರೆ ಡೆಸ್ಕು ಎಲ್ಲ ಕಾಣ್ತದೆ. ಹತ್ತು ನಿಮಿಷದಲ್ಲಿ ಹೋಗ್ತಾರೆ ಅವರು. ನಿಮಗೆ ಖಂಡಿತ ಗೊತ್ತುಂಟಾ, ಅದು ಅಲ್ಲಿ ಉಂಟು ಅಂತ?"

"ಖಂಡಿತ ಅಂತ ಹೇಗೆ ಹೇಳಲಿ" ಎಂದೆ.

"ಹಾಗಾದ್ರೆ ಹತ್ತು ನಿಮಿಷ. ಸರಿಯಾ?"

"ಸರಿ" ಎಂದೆ.

ಈ ಬರಹವನ್ನು ನಾನು ಬರೆಯುತ್ತಿರುವುದು ಆ ಒಂದು ಮಾತಿಗೆ. ಬಸ್ಸಿನಿಂದ ನಾನು ಹೊರಗೆ ಬಂದರೆ ಏನಾಗುತ್ತದೆಂದು ಆ ಕ್ಷಣದಲ್ಲಿ ನಾನು ಒಂದೊಂದಾಗಿ ಯೋಚಿಸಿದೆ: ಗಂಡನ ಕೆಲಸ, ವೀಸಾ, ಊರಿಗೆ ಮರಳುವುದು, ಬಸ್ಸಿನಲ್ಲಿ ಕೂತ ಇವರೆಲ್ಲ. ಮಗುವಿನ ಬಗ್ಗೆ ಅಷ್ಟು ವಿವರವಾಗಿ ಯೋಚಿಸಲಿಲ್ಲ. ಯೋಚಿಸಿದ್ದರೆ ಕೂರಲು ಆಗುತ್ತಿರಲಿಲ್ಲ, ಹಾಗಾಗಿ ಯೋಚಿಸಲಿಲ್ಲ. ಫೋನನ್ನು ಮೈಸೂರಿನವಳಿಗೆ ಕೊಟ್ಟು, ಸೀಟಿನಲ್ಲಿ ಒರಗಿ ಕೂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ಡ್ರೈವರ್ ಸಿಗರೇಟು ಸೇದಲೆಂದು ಇಳಿಯಲು ಬಾಗಿಲು ತೆರೆದ. ಹೊರಗಿನ ಗಾಳಿ ಒಲೆ ತೆಗೆದ ಹಾಗೆ ಒಳಗೆ ನುಗ್ಗಿ ನನ್ನ ಕಾಲಿಗೆ ಬಡಿಯಿತು. ಅದು ನೆರಳಿನಲ್ಲಿದ್ದ ಗಾಳಿ. ಶೆಡ್ಡು ತಗಡಿನದು, ಬಿಸಿಲಲ್ಲಿ ಇತ್ತು.

ಎದ್ದು ನಿಂತೆ. "ನಾನು ಹೋಗ್ತೀನಿ."

ಮೈಸೂರಿನವಳು ನನ್ನ ದುಪ್ಪಟ್ಟಾ ಹಿಡಿದಳು. "ನಿಮಗೇನು ತಲೆ ಕೆಟ್ಟಿದ್ಯಾ? ನಿಮ್ಮೊಬ್ಬರ ವಿಷಯ ಅಲ್ಲ ಇದು. ನಮ್ಮೆಲ್ಲರ ಗಂಡಂದಿರೂ ಇಲ್ಲೇ ಇದ್ದಾರೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದುಪ್ಪಟ್ಟಾವನ್ನು ಅವಳ ಕೈಯಲ್ಲೇ ಬಿಟ್ಟು ಇಳಿದೆ. ಎರಡು ಬೀದಿ ಓಡಿದೆ. ಹಿಂದಿನ ಗೇಟಿಗೆ ಒಳಗಿನಿಂದ ಚಿಲಕ ಹಾಕಿದ್ದರು, ಸುತ್ತಿ ಮುಂದಿನ ಗೇಟಿಗೆ ಬಂದೆ. ಬಿಳಿ ಕಾರಿನ ಪಕ್ಕದಿಂದಲೇ ಒಳಗೆ ಹೋದೆ.

ಇಬ್ಬರು ಅಧಿಕಾರಿಗಳು ಹಿತ್ತಲಿನಲ್ಲಿ, ಶೆಡ್ಡಿನ ಎದುರಿನ ನೆರಳಿನಲ್ಲಿ ಕೂತಿದ್ದರು. ಹಿರಿಯವರು ಕಂದೂರಾ ಎಂಬ ಬಿಳಿ ನಿಲುವಂಗಿ ತೊಟ್ಟವರು, ಗಡ್ಡ ನರೆತಿತ್ತು; ಇಲ್ಲಿನ ಹಳಬರ ಹಾಗೆ ಹಿಂದಿ ಬಲ್ಲವರು. ಸೂಪರ್‌ವೈಸರ್ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಶೆಡ್ಡಿನಲ್ಲಿ ಒಂದು ಮಗುವಿದೆ, ಬೀಗ ಹಾಕಿದೆ ಎಂದು ನಾನು ಏದುಸಿರಿನಲ್ಲಿ ಹೇಳಿದೆ.

"ತುಮ್ ಕೌನ್?" ಎಂದರು ಹಿರಿಯವರು.

"ಟೀಚರ್."

"ಕಾರ್ಡ್?"

"ನಹೀ ಹೈ."

ಅವರು ಕಪ್ಪನ್ನು ನೆಲದ ಮೇಲಿಟ್ಟು ಎದ್ದರು. "ವೋ ಬಾದ್ ಮೇ. ಚಾಬಿ ಕಿಧರ್?" ಅದೆಲ್ಲ ಆಮೇಲೆ, ಕೀ ಎಲ್ಲಿ ಎಂದರು.

ಕೀ ಆಯಾಳ ಸೊಂಟದಲ್ಲಿತ್ತು. ಅವಳು ಗೊಂಚಲಿನ ತಪ್ಪು ಕೀಗಳನ್ನೇ ಒಂದೊಂದಾಗಿ ಬೀಗಕ್ಕೆ ಹಾಕಿದಳು. "ನಾನು ಕಾಣ್ಲೇ ಇಲ್ಲ ಟೀಚರ್, ದೇವರಾಣೆ, ಯಾವಾಗ ನುಗ್ಗಿತೋ ಕಾಣ್ಲೇ ಇಲ್ಲ" ಎನ್ನುತ್ತಿದ್ದಳು. ಬಾಗಿಲು ತೆರೆದಾಗ ಬಂದ ಶಾಖಕ್ಕೆ ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಎದುರಿಗೆ ಡೆಸ್ಕುಗಳ ಗೋಡೆ. ಹಿರಿಯ ಅಧಿಕಾರಿ ಒಂದೊಂದನ್ನೇ ಎಳೆದು ಹೊರಗೆ ಎಸೆದರು, ತಲೆಯ ಬಟ್ಟೆ ಜಾರಿ ಬಿತ್ತು. ಹಿಂದೆ, ಗೋಡೆಗೆ ಒತ್ತಿ, ಸುತ್ತಿಟ್ಟ ಮ್ಯಾಟ್. ಅದರ ಬಾಯಲ್ಲಿ ಎರಡು ಶೂ ಕಾಣುತ್ತಿದ್ದವು.

ಕಾಲು ಹಿಡಿದು ಎಳೆದೆವು. ಮೈ ಕೆಂಡವಾಗಿತ್ತು, ಒಣಗಿತ್ತು. ಬೆವರಿರಲಿಲ್ಲ. ವಾಂತಿ ಮಾಡಿಕೊಂಡಿದ್ದಳು. ಕಣ್ಣು ಅರ್ಧ ತೆರೆದಿದ್ದವು, ಕರೆದರೆ ತಿರುಗಲಿಲ್ಲ. ನಾನು ಅವಳ ಬಾಯಿಗೆ ನೀರು ಹಾಕಲು ಹೋದೆ. ಹಿರಿಯವರು ನನ್ನ ಕೈ ತಡೆದು, ತಮ್ಮ ತಲೆಯ ಬಟ್ಟೆಯನ್ನು ಕೂಲರಿನ ಕೆಳಗೆ ನೆನೆಸಿ ಅವಳ ಕತ್ತು, ಕಂಕುಳಿಗೆ ಸುತ್ತಿದರು. ಎತ್ತಿಕೊಂಡು ಕಾರಿಗೆ ನಡೆದರು. ಕಿರಿಯ ಅಧಿಕಾರಿ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಮಗು ಹಿರಿಯವರ ತೊಡೆಯ ಮೇಲೆ, ಪಕ್ಕದಲ್ಲಿ ನಾನು. ಅವರು ದಾರಿಯುದ್ದಕ್ಕೂ ಅವಳ ಕೆನ್ನೆ ತಟ್ಟುತ್ತ ಅರಬ್ಬಿಯಲ್ಲಿ ಏನೋ ಹೇಳುತ್ತಿದ್ದರು, ಏಳು, ಏಳು ಎಂಬಂಥ "ಯಲ್ಲಾ, ಯಲ್ಲಾ" ಎನ್ನುವುದಷ್ಟೇ ನನಗೆ ತಿಳಿಯಿತು.

ಆಸ್ಪತ್ರೆಯ ಹತ್ತಿರ ಅವಳ ಕಣ್ಣು ತೆರೆದವು. ಮೊದಲು ಬಿಳಿ ತೋಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಕೈಯನ್ನು ಬಹಳ ಕಷ್ಟದಿಂದ ಎತ್ತಿ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ನಾನು ಸಿಕ್ಕಿಬೀಳಬಾರದು, ಮಾತಾಡಬಾರದು ಎಂದು ನನಗೆ ಸೂಚನೆ ಕೊಡುತ್ತಿದ್ದಳು.

ಬದುಕಿಕೊಂಡಳು. ಮುಂದಿನದನ್ನು ಓದುವವರಿಗೆ ಇದು ಮೊದಲೇ ಗೊತ್ತಿರಲಿ. ಅಂದು ಮಧ್ಯಾಹ್ನದವರೆಗೆ ಡಾಕ್ಟರೂ ಹಾಗೆಂದು ಹೇಳಿರಲಿಲ್ಲ.

ತಾಯಿ ಕ್ಲಿನಿಕ್ಕಿನ ಯೂನಿಫಾರ್ಮಿನಲ್ಲೇ ಬಂದಳು. ಮಗಳನ್ನು ನೋಡಿ ಹೊರಗೆ ಬಂದು ನನ್ನ ಎದುರು ನಿಂತಳು. ಅಳುತ್ತಿರಲಿಲ್ಲ.

"ಟೀಚರ್, ನೀವು ಬಸ್ಸಿನ್ಯಾಗ ಕುಂತಿದ್ರಿ ಅಂತ ಹೇಳಿದ್ರು. ಖರೇನ?"

"ಹೌದ್ರಿ."

"ಆಕಿ ಎಲ್ಲಿದ್ದಾಳ ಅಂತ ಗೊತ್ತಿತ್ತು?"

"ಗೊತ್ತಿತ್ತು."

"ಎಷ್ಟೊತ್ತು ಕುಂತ್ರಿ?"

"ಗೊತ್ತಿಲ್ಲರಿ."

"ನಂಗ ಗೊತ್ತೈತಿ" ಎಂದಳು. "ಆಕಿ ಮೈ ಮುಟ್ಟಿದರ ಗೊತ್ತಾಕ್ಕೈತಿ." ಮತ್ತೆ ಒಳಗೆ ಹೋದಳು.

ಸಂಜೆಯ ಹೊತ್ತಿಗೆ ಹಿರಿಯ ಅಧಿಕಾರಿ ಆಸ್ಪತ್ರೆಯ ಕಾರಿಡಾರಿನಲ್ಲೇ ನನ್ನ ಹೇಳಿಕೆ ಕೇಳಿದರು. ಮಗು ಅಲ್ಲಿಗೆ ಯಾಕೆ ಹೋಯಿತು ಎಂದರು. ನಾನೇ ಕಲಿಸಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಮುರುಕು ಹಿಂದಿಯಲ್ಲಿ ಪುಸ್ತಕದ ಕಥೆ ಹೇಳಿದೆ: ಆ ದೇಶ, ಆ ತಾಯಿ, ಇದ್ದಿಲು, ದಿಮ್ಮಿ, ಕಾರು. ಅವರು ತಡೆಯದೆ ಕೇಳಿದರು. ಆಮೇಲೆ ತಮ್ಮ ಎದೆಯನ್ನು ಮುಟ್ಟಿಕೊಂಡು, "ಹಮ್ ಕೋ ದೇಖ್ ಕೇ?" ಎಂದರು. ನಮ್ಮನ್ನು ನೋಡಿ ಹೀಗೆ ಮಾಡಿದಳೆ ಎಂದು.

"ಇಲ್ಲ" ಎಂದೆ. "ನನ್ನನ್ನು ನೋಡಿ."

ಪುಸ್ತಕದ ಆ ತಾಯಿ ಮಗಳನ್ನು ಅಡಗಿಸಿದ್ದು ಮಗಳಿಗಾಗಿ. ಅವಳ ಮನೆಬಾಗಿಲಿಗೆ ಬಂದದ್ದು ನಿಜವಾದ ಅನ್ಯಾಯ, ಅವಳ ಕೈಯಲ್ಲಿ ಉಳಿದಿದ್ದ ಉಪಾಯ ಅದೊಂದೇ. ನಮ್ಮ ಬಾಗಿಲಿಗೆ ಬಂದವರು ಇಷ್ಟು ಮಕ್ಕಳಿಗೆ ಈ ಕೋಣೆಯಲ್ಲಿ ಜಾಗವಿದೆಯೆ, ಗಾಳಿಯಿದೆಯೆ ಎಂದು ನೋಡಲು ಬಂದವರು. ಅಂಥವರಿಂದ ನಮ್ಮನ್ನು ನಾವು ಅಡಗಿಸಿಕೊಳ್ಳಲು ನಾನು ಆ ತಾಯಿಯ ಬೆರಳನ್ನು ಎರವಲು ತಂದೆ. ಆ ಮೂಲನಿವಾಸಿಗಳ ಇತಿಹಾಸವನ್ನು ಮಕ್ಕಳಿಗೆ ಗೌರವದಿಂದ ಹೇಳುತ್ತಿದ್ದೇನೆ ಎಂದುಕೊಂಡವಳು, ಅದರ ಅತ್ಯಂತ ನೋವಿನ ಪುಟವನ್ನು ಆಟ ಮಾಡಿ ಕಲಿಸಿದೆ. ಅವರ ಮಕ್ಕಳು ಯಾಕೆ ಅಡಗಬೇಕಾಯಿತು ಎಂದು ಒಂದು ಮಗು ಕೇಳಿದಾಗ ಉತ್ತರ ಹೇಳದೆ, ನೀನಾದರೆ ಎಲ್ಲಿ ಅಡಗುತ್ತೀ ಎಂದು ಕೇಳಿದೆ.

ಗಂಡನನ್ನು ಕಚೇರಿಗೆ ಕರೆಸಿದರು. ಹೆಂಡತಿ ಇನ್ನು ಅನುಮತಿಯಿಲ್ಲದೆ ಕೆಲಸ ಮಾಡುವುದಿಲ್ಲ ಎಂದು ಸಹಿ ಹಾಕಿದ, ದಂಡ ಕಟ್ಟಿದ. ಕೆಲಸ ಉಳಿಯಿತು. ಬಸ್ಸಿನಲ್ಲಿದ್ದವರಿಗೂ ಅದೇ. ಮೈಸೂರಿನವಳು ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಶಾಲೆಯ ಮಕ್ಕಳನ್ನು ಬೇರೆ ಶಾಲೆಗಳಿಗೆ ಹಂಚಿದರು. ಆ ವಿಲ್ಲಾದ ಗೇಟಿಗೆ ಬಾಡಿಗೆಗಿದೆ ಎಂಬ ಬೋರ್ಡು ಬಂತು.

ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಬಸ್ಸಿನ ಸೀಟು. ಎದ್ದು ಫ್ಲ್ಯಾಟಿನ ಬಾಗಿಲುಗಳನ್ನೆಲ್ಲ ತೆರೆದಿಡುತ್ತಿದ್ದೆ, ಬೀರುವಿನ ಬಾಗಿಲನ್ನೂ. ಗುರುವಾರ ಬಂದ ಗಂಡ ಅದನ್ನು ನೋಡಿದ. ಒಂದು ದಿನ ಊಟಕ್ಕೆ ಕೂತಾಗ, "ನೀ ಹೋಗಿ ಹೇಳಿದ್ಯಲ್ಲ. ಅದನ್ನೂ ಸ್ವಲ್ಪ ನೆನಪ ಇಟಗೋ" ಎಂದ.

"ಹೇಳೂಕಿಂತ ಮೊದಲ ಕುಂತಿದ್ದೆ."

"ಕುಂತಿದ್ದಿ. ಎದ್ದಿ."

"ಬಾಗಲಾ ತಗದಾಗ ಝಳಾ ಬಡೀತು, ಅದಕ್ಕ ಎದ್ದೆ. ಬಡೀದಿದ್ರ?"

ಅವನು ನನ್ನ ತಟ್ಟೆಗೆ ಅನ್ನ ಬಡಿಸಿದ. ನಾನು ಈಗಲೂ ಆ ಬಸ್ಸಿನ ಬಾಗಿಲು ತೆರೆಯದಿದ್ದ ಬೆಳಗನ್ನು ನೋಡುತ್ತಿರುತ್ತೇನೆ.

ಬೇಸಿಗೆ ರಜೆ ಬಂತು. ಜುಲೈಯಲ್ಲಿ ಒಂದು ಬೆಳಗ್ಗೆ ಆ ತಾಯಿಯ ಫೋನ್.

"ಟೀಚರ್, ಮಗಳನ್ನ ನೋಡಿಕೊಳ್ಳೋ ಬಾಜೂದವರು ಊರಿಗೆ ಹೋಗ್ಯಾರ. ಇವರಿಗೆ ವರ್ಕ್‌ಶಾಪ್, ನಂಗ ಡ್ಯೂಟಿ ಬದಲಿ ಸಿಗವಲ್ದು. ಇವತ್ತೊಂದಿನ ನಿಮ್ಮ ಕಡೆ ಬಿಡಲೇನ್ರಿ?" ಸ್ವಲ್ಪ ತಡೆದು, "ಬ್ಯಾರೆ ಯಾರೂ ಇಲ್ಲ, ಅದಕ್ಕ ಕೇಳಾಕತ್ತೀನಿ. ಮತ್ತೇನೂ ತಿಳಕೋಬ್ಯಾಡ್ರಿ" ಎಂದಳು.

ಬಾಗಿಲಲ್ಲೇ ನಿಂತು ಮಗಳನ್ನು ಒಪ್ಪಿಸಿ ಹೇಳಿದಳು: ಯಾವ ಬಾಗಿಲನ್ನೂ ಹಾಕಬೇಡಿ, ಕೂಗುತ್ತಾಳೆ. ಲಿಫ್ಟಿನಲ್ಲೂ ಬರಲಿಲ್ಲ, 'ಈಗ ಮೆಟ್ಟಿಲ ಹತ್ತಿ ಬಂದೀವಿ'. ಬಾತ್‌ರೂಮಿಗೆ ಹೋದರೂ ಬಾಗಿಲು ತೆರೆದೇ ಇರಬೇಕು, ಯಾರಾದರೂ ಕಾಣುವ ಹಾಗೆ ನಿಂತಿರಬೇಕು. ಇಷ್ಟು ಹೇಳಿ ನನ್ನ ಮುಖವನ್ನು ಒಮ್ಮೆ ನೇರವಾಗಿ ನೋಡಿ ಇಳಿದು ಹೋದಳು.

ಹುಡುಗಿ ಸೋಫಾದ ತುದಿಯಲ್ಲಿ ಕೂತಳು. ಸಣ್ಣಗಾಗಿದ್ದಳು. ದೋಸೆ ತಿಂದಳು. ಟೀವಿ ಹಾಕಿದೆ, ನೋಡಲಿಲ್ಲ. ಮಧ್ಯಾಹ್ನ ಹತ್ತಿರವಾದಾಗ ಕೇಳಿದಳು, "ಮಿಸ್, ಆರ್ ಯೂ ಸ್ಟಿಲ್ ಹೈಡಿಂಗ್?"

"ಇಲ್ಲ" ಎಂದೆ.

"ದೇ ಕಾಟ್ ಯೂ?"

"ನಾನೇ ಹೋಗಿ ಹೇಳಿದೆ."

"ದೆನ್ ವಾಟ್ ಡಿಡ್ ದೇ ಡೂ?"

"ಹೆಸರು ಕೇಳಿದರು. ಬೈದರು. ಆಮೇಲೆ ಮನೆಗೆ ಕಳಿಸಿದರು."

ಅವಳು ಅದನ್ನು ನಂಬಬೇಕೆ ಎಂದು ತೂಗಿ ನೋಡುತ್ತಿದ್ದಳು. "ಲಾಗ್ ಒಳಗಿದ್ದ ಗರ್ಲ್‌ನ?"

ಈ ಸಲ ನಾನು ಅವಳ ಎದುರು ನೆಲದ ಮೇಲೆ ಕೂತೆ. "ಅವಳನ್ನು ಹುಡುಕಿ ಕರೆದುಕೊಂಡು ಹೋದರು. ಬಹಳ ವರ್ಷ ದೂರ ಇಟ್ಟರು. ದೊಡ್ಡವಳಾದ ಮೇಲೆ ತಾನೇ ಅಮ್ಮನನ್ನು ಹುಡುಕಿಕೊಂಡು ಬಂದಳು. ಆ ಪುಸ್ತಕ ಬರೆದ ಅಜ್ಜಿ ಅವಳೇ. ಎಲ್ಲರೂ ಹಾಗೆ ಮರಳಿ ಬರಲಿಲ್ಲ. ಒಯ್ದವರು ಮಾಡಿದ್ದು ತಪ್ಪು. ನೀನು ಯಾಕೆ ಅಂತ ಕೇಳಿದ್ದೆಯಲ್ಲ, ಅವತ್ತೇ ನಾನು ಹೇಳಬೇಕಿತ್ತು: ಇವರ ಮಕ್ಕಳನ್ನು ಹೇಗೆ ಬೆಳೆಸಬೇಕು ಅಂತ ಇವರಿಗಿಂತ ತಮಗೇ ಚೆನ್ನಾಗಿ ಗೊತ್ತು ಅಂದುಕೊಂಡಿದ್ದರು, ಅದಕ್ಕೆ. ನಿನ್ನನ್ನು ಕಾರಿಗೆ ಎತ್ತಿಕೊಂಡವರು ಅಂಥವರಲ್ಲ. ಅವರು ಬಂದಾಗ ನೀನು ಅಡಗಬೇಕಿರಲಿಲ್ಲ. ನಾನೂ ಅಡಗಬಾರದಿತ್ತು. ನಾನು ತಪ್ಪು ಕಲಿಸಿದೆ."

"ಯೂ ಸೆಡ್ ವೆರಿ ಗುಡ್" ಎಂದಳು.

"ಹೇಳಿದೆ. ಅದೂ ತಪ್ಪು."

ಅವಳು ನನ್ನ ಮುಖ ನೋಡಿದಳು, ಕಿಟಕಿಯ ಕಡೆ ನೋಡಿದಳು. "ಐ ವಾಂಟ್ ಟು ಗೋ ಬಾತ್‌ರೂಮ್" ಎಂದಳು.

ಅವಳ ಹಿಂದೆಯೇ ಹೋಗಿ ಕಾಣುವ ಹಾಗೆ ಹೊಸ್ತಿಲಲ್ಲಿ ನಿಂತೆ. ಅವಳು ಒಳಗೆ ಹೋಗಿ ತಿರುಗಿ ನೋಡಿದಳು. "ಮಿಸ್, ಡೋಂಟ್ ಲುಕ್, ನಾ" ಎಂದು ಸಿಡುಕಿ ಬಾಗಿಲನ್ನು ಎಳೆದುಕೊಂಡಳು. ಚಿಲಕದ ಸದ್ದಾಯಿತು. ನಾನು ಹೊರಗೆ ಗೋಡೆಗೆ ಒರಗಿ, ನಲ್ಲಿಯ ನೀರು ಬೀಳುವ ಸದ್ದನ್ನೂ ಅವಳು ಸೋಪಿನೊಂದಿಗೆ ಏನೋ ಮಾತಾಡುವುದನ್ನೂ ಕೇಳುತ್ತ ನಿಂತೆ. ಒಳಗೆ ಬಹಳ ಹೊತ್ತು ಆಡಿದಳು. ನಾನು ಕರೆಯಲಿಲ್ಲ. ಚಿಲಕವನ್ನು ತಾನೇ ತೆಗೆದು, ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

ಅದು ಗುರುವಾರ. ಅಂದು ರಾತ್ರಿ ನಾನು ಮಲಗಿದವಳು ಬಾಗಿಲು ತೆರೆಯಲು ಏಳಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಗೆ ಬಂದಿತ್ತು, ಗಂಡ ಯಾವಾಗಲೋ ಎದ್ದು ತಾನೇ ಚಹಾ ಮಾಡಿಕೊಂಡು ಕುಡಿದು ಮುಗಿಸಿದ್ದ.